ಸಮಿತಿ ಬಂತು, ಸ್ಲೇಟು ಒರೆಸಿ

ಕರ್ನಾಟಕದಲ್ಲಿ ರಸ್ತೆ ಕೆಲಸ ನಿಲ್ಲಬಹುದು, ನೀರಾವರಿ ಯೋಜನೆ ನಿಲ್ಲಬಹುದು, ಮೆಟ್ರೊ ಕಂಬ ಅರ್ಧಕ್ಕೇ ಆಕಾಶ ನೋಡುತ್ತ ನಿಲ್ಲಬಹುದು. ಶಿಕ್ಷಣ ಸುಧಾರಣೆ ಮಾತ್ರ ಒಂದು ದಿನವೂ ನಿಂತದ್ದಿಲ್ಲ. ಸರ್ಕಾರ ಬದಲಾದ ಮೇಲೆ ಮೊದಲು ಬದಲಾಗುವುದು ಸಚಿವರ ಕೊಠಡಿಯ ನಾಮಫಲಕ. ಎರಡನೆಯದು ಮಕ್ಕಳ ಪಠ್ಯಪುಸ್ತಕ. ಮೂರನೆಯದು ಏನಾಗಬೇಕಿತ್ತು ಎಂದು ಯೋಚಿಸುವಷ್ಟರಲ್ಲಿ ಮತ್ತೆ ಚುನಾವಣೆ ಬಂದಿರುತ್ತದೆ.

ಅನುಮಾನ ಇದ್ದವರು 2025ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದ ಯಾವ ಮಗುವನ್ನಾದರೂ ಹಿಡಿದು ಕೇಳಬಹುದು. ಸರ್ಕಾರಿ ಶಾಲೆಯ ಮಗುವಾದರೆ ಇನ್ನೂ ಒಳ್ಳೆಯದು, ಅದಕ್ಕೆ ಅನುಭವ ಜಾಸ್ತಿ. ಆರನೇ ತರಗತಿಗೆ ಬಂದಾಗ ಶಾಲೆಗೆ ಬೀಗ. ಕೊರೊನಾಕ್ಕೆ ಸರ್ಕಾರವನ್ನು ಬೈಯುವಂತಿಲ್ಲ, ಬಿಡಿ. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರು ಬೈಕು ಹತ್ತಿ ಊರೊಳಗೇ ಬಂದು ಗುಡಿಯ ಜಗಲಿಯಲ್ಲಿ, ಅರಳಿಕಟ್ಟೆಯ ಮೇಲೆ ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಸ್ಮಾರ್ಟ್‌ಫೋನ್ ಇದ್ದ ಮನೆಯಲ್ಲಿ ಪಾಠ ಮುಂದುವರಿಯಿತು, ಇಲ್ಲದ ಮನೆಯಲ್ಲಿ ಕುರಿ ಮೇಯಿಸುವುದು ಮುಂದುವರಿಯಿತು. ವರ್ಷದ ಕೊನೆಗೆ ಇಬ್ಬರೂ ಪಾಸು. ನಮ್ಮಲ್ಲಿ ಸಮಾನತೆ ಇಲ್ಲ ಎನ್ನುವವರು ಆ ವರ್ಷದ ಅಂಕಪಟ್ಟಿ ನೋಡಬೇಕು.

ಎಂಟನೇ ತರಗತಿಗೆ ಬರುವ ಹೊತ್ತಿಗೆ ಶಾಲೆಯೇನೋ ತೆರೆದಿತ್ತು, ಪುಸ್ತಕ ತೆರೆಯುವಂತಿರಲಿಲ್ಲ. 2022ರ ಆ ಬೇಸಿಗೆ, ಆ ಮಳೆಗಾಲ ಯಾರು ಮರೆತಾರು? ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ್ದ ಪಠ್ಯವನ್ನು ರೋಹಿತ್ ಚಕ್ರತೀರ್ಥರ ಸಮಿತಿ ಮತ್ತೆ ಪರಿಷ್ಕರಿಸಿತ್ತು. ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಒಳಗೆ ಬಂದರು, ಇನ್ಯಾರೋ ಹೊರಗೆ ಹೋದರು, ಹೋಗಿಲ್ಲ ಎಂದು ಸಚಿವರು ಪುಟಸಂಖ್ಯೆ ಸಮೇತ ಹೇಳಿದರು. ದೇವನೂರ ಮಹಾದೇವರಂಥ ಲೇಖಕರು ‘ನನ್ನ ಪಾಠಕ್ಕೆ ಕೊಟ್ಟ ಒಪ್ಪಿಗೆ ವಾಪಸ್’ ಎಂದು ಪತ್ರ ಬರೆದರು. ಪುಸ್ತಕ ಅಷ್ಟರಲ್ಲಿ ಅಚ್ಚಾಗಿ ಲಾರಿ ಹತ್ತಿತ್ತು. ಬಸವಣ್ಣನವರ ಪಾಠದಲ್ಲಿ ತಪ್ಪಾಗಿದೆಯೆಂದು ಮಠಗಳಿಂದ ಆಕ್ಷೇಪ. ಅಂಬೇಡ್ಕರ್ ಹೆಸರಿನ ಹಿಂದಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಅಚ್ಚಿನಲ್ಲಿ ಕಾಣೆ. ಕೊನೆಗೆ ಸರ್ಕಾರ ತಿದ್ದೋಲೆ ಹೊರಡಿಸಿತು. ಮಕ್ಕಳು ತಪ್ಪು ಬರೆದರೆ ಮೇಷ್ಟ್ರು ತಿದ್ದುವುದು ಹಳೆಯ ಪದ್ಧತಿ. ಸಮಿತಿ ತಪ್ಪು ಬರೆದು ಮಕ್ಕಳ ಕೈಯಲ್ಲಿ ತಿದ್ದಿಸುವುದು ಹೊಸ ಶಿಕ್ಷಣ.

ಅದೇ ವರ್ಷದ ಎಂಟನೇ ತರಗತಿಯ ಕನ್ನಡ ಪುಸ್ತಕವೊಂದರಲ್ಲಿ ಅಂಡಮಾನಿನ ಸೆರೆಮನೆಗೆ ಬುಲ್‌ಬುಲ್ ಹಕ್ಕಿಯೂ ಹಾರಿ ಬಂತು. ಕಿಂಡಿಯೂ ಇಲ್ಲದ ಕೋಣೆಗೆ ಹಕ್ಕಿ ಬರುತ್ತಿತ್ತು, ಅದರ ರೆಕ್ಕೆಯೇರಿ ಸಾವರ್ಕರ್ ತಾಯ್ನಾಡನ್ನು ನೋಡಿ ಬರುತ್ತಿದ್ದರು ಎಂಬ ವಾಕ್ಯವನ್ನು ಹಿಡಿದು ರಾಜ್ಯವೇ ಜಗಳವಾಡಿತು. ರೂಪಕ ಎಂದು ಒಂದು ಕಡೆ, ಅಪದ್ಧ ಎಂದು ಇನ್ನೊಂದು ಕಡೆ. ಕಾವ್ಯಮೀಮಾಂಸೆಯ ಬಗ್ಗೆ ಕನ್ನಡದ ಸುದ್ದಿವಾಹಿನಿಗಳು ಅಷ್ಟು ಗಂಭೀರವಾಗಿ ಚರ್ಚಿಸಿದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ಮಗುವನ್ನೇ ಕೇಳಿದ್ದರೆ ಒಂದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು: “ಸಾರ್, ಇದು ಎಷ್ಟು ಮಾರ್ಕಿಗೆ ಬರುತ್ತೆ?”

ಆ ವರ್ಷದ ನವೆಂಬರ್‌ನಲ್ಲಿ ‘ವಿವೇಕ’ ಯೋಜನೆಯಡಿ 7,601 ಕೊಠಡಿ ಕಟ್ಟುವುದೆಂದಾಯಿತು. ಕೊಠಡಿ ಬೇಕಿತ್ತು, ಖಂಡಿತ ಬೇಕಿತ್ತು. ಆದರೆ ನಾಡಿನ ತಲೆ ಬಿಸಿಯಾದದ್ದು ಅವಕ್ಕೆ ಯಾವ ಬಣ್ಣ ಬಳಿಯಬೇಕು ಎಂಬುದಕ್ಕೆ. ಕೇಸರಿ ಬಳಿದರೆ ಏನು ತಪ್ಪು ಎಂದು ಆಡಳಿತ ಪಕ್ಷ, ಶಾಲೆಯೋ ಶಾಖೆಯೋ ಎಂದು ವಿರೋಧ ಪಕ್ಷ. ಸುಣ್ಣವನ್ನೇ ಕಾಣದ ಹಳೆಯ ಕೊಠಡಿಗಳ ಬಗ್ಗೆ ಮಾತ್ರ ಎರಡೂ ಪಕ್ಷಗಳಲ್ಲಿ ಒಮ್ಮತವಿತ್ತು; ಇಬ್ಬರೂ ಮಾತಾಡಲಿಲ್ಲ.

ವರ್ಷದ ಕೊನೆಗೆ ಇನ್ನೊಂದು ಉಡುಗೊರೆ ಕಾದಿತ್ತು. ಐದು ಮತ್ತು ಎಂಟನೇ ತರಗತಿಗೆ ಬೋರ್ಡ್ ಮಾದರಿಯ ಪರೀಕ್ಷೆ. ಯಾರನ್ನೂ ಫೇಲು ಮಾಡುವುದಿಲ್ಲ, ಆದರೂ ಪರೀಕ್ಷೆ. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಎಂದಿತು, 15ರಂದು ವಿಭಾಗೀಯ ಪೀಠ ಆಗಬಹುದು ಎಂದಿತು, 27ರಂದು ಮಕ್ಕಳು ಬರೆದರು. ಇದು ಬರೀ ತಾಲೀಮು. ನಿಜವಾದ ನಾಟಕ ಮುಂದಿನ ವರ್ಷದ್ದು, ಹೊಸ ಸರ್ಕಾರದ್ದು.

ಸರ್ಕಾರ ಹೊಸದಾದರೂ ಪರೀಕ್ಷೆಯ ಚಪಲ ಹಳೆಯದೇ. ಈ ಸಲ ಐದು, ಎಂಟರ ಜೊತೆಗೆ ಒಂಬತ್ತನ್ನೂ ಸೇರಿಸಿದರು. ಅಂದರೆ ಎಂಟರಲ್ಲಿ ಸಿಕ್ಕಿಬಿದ್ದಿದ್ದ ಅದೇ ಮಕ್ಕಳು ಒಂಬತ್ತಕ್ಕೆ ಬಂದು ಮತ್ತೆ ಸಿಕ್ಕಿಬಿದ್ದರು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ರದ್ದು ಮಾಡಿತು. 7ರಂದು ವಿಭಾಗೀಯ ಪೀಠ ಆ ರದ್ದಿಗೆ ತಡೆ ಕೊಟ್ಟಿತು. 11ರ ಸೋಮವಾರ ಪರೀಕ್ಷೆ ಶುರು. 12ರಂದು ಮಕ್ಕಳು ಎರಡನೇ ಪತ್ರಿಕೆ ಬರೆದ ದಿನವೇ ಸುಪ್ರೀಂ ಕೋರ್ಟು ತಡೆಗೇ ತಡೆ ಕೊಟ್ಟಿತು. ಹದಿನಾಲ್ಕು ವರ್ಷದ ಮಗು ಮೂರನೇ ಪತ್ರಿಕೆಗೆ ಓದಬೇಕೋ ಬೇಡವೋ ಎಂದು ತಿಳಿಯಲು ವಕೀಲರನ್ನು ಕೇಳಬೇಕಾಗಿತ್ತು. 22ರಂದು ವಿಭಾಗೀಯ ಪೀಠ ಅಸ್ತು ಎಂದಿತು, 25ರಂದು ಪರೀಕ್ಷೆ ನಿಂತಲ್ಲಿಂದ ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಿಸದಂತೆ ತಡೆ ಹಿಡಿಯಿತು. ಹೀಗೆ ಕರ್ನಾಟಕದ ಮಕ್ಕಳು ಮೌಲ್ಯಮಾಪನವಿಲ್ಲದ ಪಾಸನ್ನೂ, ಫಲಿತಾಂಶವಿಲ್ಲದ ಪರೀಕ್ಷೆಯನ್ನೂ ನಾಲ್ಕೇ ವರ್ಷಗಳ ಅಂತರದಲ್ಲಿ ಕಂಡರು. ಗಣಿತದಲ್ಲಿ ಏನು ಕಲಿತರೋ ಗೊತ್ತಿಲ್ಲ, ಪೌರನೀತಿಯಲ್ಲಿ ಏಕಸದಸ್ಯ ಪೀಠಕ್ಕೂ ವಿಭಾಗೀಯ ಪೀಠಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹತ್ತನೇ ತರಗತಿಯ ಕತೆ ಇನ್ನೂ ಸ್ವಾರಸ್ಯ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನೇರವಾಗಿ ಬಿತ್ತರಿಸಿದರು. ಕ್ಯಾಮೆರಾ ನೋಡಿದ ಕೂಡಲೇ ಫಲಿತಾಂಶ ಕುಸಿದುಬಿತ್ತು. ಬಿದ್ದ ಫಲಿತಾಂಶವನ್ನು ಎತ್ತಿ ನಿಲ್ಲಿಸಲು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟು ಕೃಪೆ ತೋರಿದ ಮೇಲೂ ಬಂದದ್ದು ಶೇ 73.40. 2025ರಲ್ಲಿ ಕೃಪೆಯೂ ಇಲ್ಲ, ಫಲಿತಾಂಶ ಶೇ 62.34. ಆಗ ಸರ್ಕಾರ ಗಾಢವಾಗಿ ಯೋಚಿಸಿ ರೋಗದ ಮೂಲ ಕಂಡುಹಿಡಿಯಿತು: ಪಾಸಾಗಲು 35 ಬೇಕೆಂಬುದೇ ತೊಂದರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು 33ಕ್ಕೆ ಇಳಿಸಿದರು. 625ಕ್ಕೆ 206 ಬಂದರೆ ಸಾಕು. ಜ್ವರ ಇಳಿಯದಿದ್ದರೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದುವ ಈ ವೈದ್ಯಕ್ಕೆ ಯಾವ ಪಕ್ಷದ ಹಂಗೂ ಇಲ್ಲ.

2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಆ ಬ್ಯಾಚಿನ ಮಕ್ಕಳು 2027ರಲ್ಲಿ ಪದವಿಗೆ ಸೇರುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021ರ ಆಗಸ್ಟ್‌ನಲ್ಲಿ. ಪದವಿಗೆ ನಾಲ್ಕನೇ ವರ್ಷ ಬಂತು. ಅದನ್ನು ಕಿತ್ತೆಸೆದ ರಾಜ್ಯವೂ ನಮ್ಮದೇ, 2024ರಲ್ಲಿ. ನಾಲ್ಕನೇ ವರ್ಷ ಹೋಯಿತು. ವಿಧಾನಸಭೆ ಚುನಾವಣೆ 2028ರಲ್ಲಿ. ತಮ್ಮ ಪದವಿ ಎಷ್ಟು ವರ್ಷದ್ದು ಎಂಬುದು ಈ ಮಕ್ಕಳಿಗೆ ಎರಡನೇ ಸೆಮಿಸ್ಟರಿನ ಹೊತ್ತಿಗೆ, ಮತ ಎಣಿಕೆಯ ದಿನ, ಮಧ್ಯಾಹ್ನದೊಳಗೆ ತಿಳಿಯಬಹುದು.

ಇದಕ್ಕೆಲ್ಲ ಮೂಲ ಯಾರು ಎಂದು ಕೇಳಿದರೆ ಎಡದವರೂ ಬಲದವರೂ ಒಂದೇ ದಿಕ್ಕಿಗೆ ಬೆರಳು ತೋರುತ್ತಾರೆ: ಮೆಕಾಲೆ. ಪಾಪ, ಸತ್ತವನು ಎದ್ದು ಬಂದು ಮಾನಹಾನಿ ಮೊಕದ್ದಮೆ ಹೂಡಲಾರ. ಮೆಕಾಲೆಯ ಆ ಪ್ರಸಿದ್ಧ ಟಿಪ್ಪಣಿ ಬಂದದ್ದು 1835ರಲ್ಲಿ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಕಲಿಸಲು ಉಚಿತ ಶಾಲೆ ತೆರೆದದ್ದು 1833ರಲ್ಲಿ. ಅದೇ ಬೆಳೆದು ಮಹಾರಾಜ ಕಾಲೇಜಾಯಿತು. ಅಂದರೆ ನಮಗೆ ಇಂಗ್ಲಿಷಿನ ರುಚಿ ಹತ್ತಿಸಲು ಮೆಕಾಲೆ ಬರುವವರೆಗೆ ನಾವೇನೂ ಕಾದು ಕೂತಿರಲಿಲ್ಲ. ಇನ್ನು ಮುಂಬೈ ಪ್ರಾಂತದ ಧಾರವಾಡ, ಬೆಳಗಾವಿಯ ಕಡೆ ಕನ್ನಡದ ಮಕ್ಕಳು ಮರಾಠಿಯಲ್ಲಿ ಓದುತ್ತಿದ್ದರು. ಅಲ್ಲಿ ಕನ್ನಡ ಶಾಲೆಗಳಿಗಾಗಿ ಊರೂರು ಅಲೆದ ಡೆಪ್ಯುಟಿ ಚನ್ನಬಸಪ್ಪನವರು ಸಂಬಳ ತೆಗೆದುಕೊಂಡದ್ದು ಬ್ರಿಟಿಷ್ ಸರ್ಕಾರದ ಶಿಕ್ಷಣ ಇಲಾಖೆಯಿಂದ. ವಸಾಹತುಶಾಹಿ ಶಿಕ್ಷಣ ನಮ್ಮನ್ನು ಕೆಡಿಸಿತು ಎಂಬ ಭಾಷಣಕ್ಕೆ ಈ ವಿವರ ಸ್ವಲ್ಪ ತೊಡಕಾಗುತ್ತದೆ, ಆದ್ದರಿಂದ ಭಾಷಣದಲ್ಲಿ ಬರುವುದಿಲ್ಲ.

ಇತಿಹಾಸ ಎಲ್ಲಿ ಕೂತಿದೆ ಎಂದು ನೋಡಬೇಕಾದರೆ ಪಠ್ಯಪುಸ್ತಕ ತೆರೆಯಬೇಡಿ, ಫಲಿತಾಂಶದ ಪಟ್ಟಿ ತೆರೆಯಿರಿ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಉಡುಪಿ ಅದರ ಹಿಂದೆ, ಕಲಬುರಗಿ ಶೇ 42.43ರೊಂದಿಗೆ ಕೊನೆ. ಒಂದೇ ಪ್ರಶ್ನೆಪತ್ರಿಕೆ, ಒಂದೇ ಕ್ಯಾಮೆರಾ, ಅದೇ ಸರ್ಕಾರ. ಕರಾವಳಿಯ ಮಕ್ಕಳು ಮೀನು ತಿಂದು ಜಾಣರಾದರು ಎನ್ನುವವರಿದ್ದಾರೆ. ಆದರೆ ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಶಾಲೆ, ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ. ಕಲಬುರಗಿ ಇದ್ದದ್ದು ನಿಜಾಮರ ಸಂಸ್ಥಾನದಲ್ಲಿ. ಕಚೇರಿಯೂ ಉರ್ದು, ಮೇಲಿನ ವಿದ್ಯೆಯೂ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಮನೆಯಲ್ಲಿ ಕನ್ನಡವಾಡುವ ಒಕ್ಕಲುಮಗನಿಗೆ ಶಾಲೆಯೆಂಬುದು ಪರದೇಶ. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು 1956ರಲ್ಲಿ ಒಂದಾಯಿತು ಎನ್ನುತ್ತೇವೆ. ನಕಾಶೆಯಲ್ಲಿ ಒಂದಾಯಿತು, ಸರಿ. ಅಂಕಪಟ್ಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇದಕ್ಕೂ ಸರ್ಕಾರ ಸುಮ್ಮನೆ ಕೂತಿಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಪಟ್ಟಿ ಕೊಟ್ಟಿತ್ತು. ಆಮೇಲೆ ಕಲಬುರಗಿಯ ಆ ಭಾಗಕ್ಕೆಂದೇ ಸಂವಿಧಾನದಲ್ಲಿ 371(ಜೆ) ಕಲಮು ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರನ್ನೇ ತೆಗೆದು ಕಲ್ಯಾಣ ಕರ್ನಾಟಕ ಎಂದು ಕರೆದರು. ಬೋರ್ಡಿನ ಮಟ್ಟಿಗೆ ಕಲ್ಯಾಣ ಪೂರ್ಣಗೊಂಡಿದೆ. ಇಷ್ಟಾದ ಮೇಲೂ ಫಲಿತಾಂಶ ಬೀಳುತ್ತದೆ. ಬಿದ್ದ ಮಾರನೆಯ ದಿನ ಜಿಲ್ಲೆಯ ಉಪನಿರ್ದೇಶಕರಿಗೆ ನೋಟಿಸು ಹೋಗುತ್ತದೆ. ನಿಜಾಮನಿಗೆ ನೋಟಿಸು ಜಾರಿ ಮಾಡಲು ವಿಳಾಸವಿಲ್ಲವಲ್ಲ.

ಹಳೇ ಮೈಸೂರಿನವರು ಇಷ್ಟು ಹೊತ್ತು ನಗುತ್ತಿದ್ದರೆ ಅವರಿಗೂ ಒಂದು ಅಧ್ಯಾಯವಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸವೆಲ್ಲ ಒಂದೇ ಜಾತಿಯ ಕೈಲಿದೆ, ಉಳಿದವರಿಗೂ ಓದು ಬೇಕು, ಕೆಲಸ ಬೇಕು ಎಂಬುದು ಪ್ರಶ್ನೆ. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ದಕ್ಷತೆಗೆ ಕುತ್ತು ಎನ್ನಿಸಿತು; ಅದೇ ವರ್ಷ ಹುದ್ದೆ ಬಿಟ್ಟರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು ಇದೇ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಎಂಬುದನ್ನೂ ಹೇಳಬೇಕು. ಎಲ್ಲರೂ ಓದಲಿ ಎನ್ನುವುದಕ್ಕೂ, ಓದಿದವರೆಲ್ಲ ಪಕ್ಕದ ಕುರ್ಚಿಯಲ್ಲಿ ಕೂರಲಿ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ ಎಂದು ಆ ಮಹಾನುಭಾವರಿಂದಲೇ ತಿಳಿಯಬೇಕಾಯಿತು. ನೂರು ವರ್ಷ ದಾಟಿದೆ. ಮೀಸಲಾತಿ ಎಂದ ಕೂಡಲೇ ಟಿವಿಯಲ್ಲಿ ಕೋಟು ಹಾಕಿದವರು ಹೇಳುವುದು ಈಗಲೂ ಅದೇ ವಾಕ್ಯ. ಉಚ್ಚಾರಣೆ ಮಾತ್ರ ಸುಧಾರಿಸಿದೆ.

ಕೈಕಟ್ಟಿ ಕೂರಲಾರದ ಸಮುದಾಯಗಳು ತಮ್ಮ ದಾರಿ ತಾವು ನೋಡಿಕೊಂಡವು. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ, ಮಠಗಳ ಉಚಿತ ಪ್ರಸಾದನಿಲಯಗಳು. ಇದನ್ನು ಗೇಲಿ ಮಾಡುವ ಬಾಯಿ ನನಗಿಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಅನ್ನವೂ ಅಕ್ಷರವೂ ಒಂದೇ ಸೂರಿನಡಿ ಸಿಕ್ಕದ್ದು ಅಲ್ಲೇ. ಆದರೆ ಮೊದಲು ಹಾಸ್ಟೆಲು, ಆಮೇಲೆ ಹೈಸ್ಕೂಲು, ಅದರ ಮೇಲೆ ಎಂಜಿನಿಯರಿಂಗು, ತುದಿಯಲ್ಲಿ ಮೆಡಿಕಲ್ ಕಾಲೇಜು ಎಂದು ಮಹಡಿ ಏರುತ್ತ ಹೋದಂತೆ ಕೆಳಗಿನ ಮಹಡಿಯ ದಾಸೋಹ ಮೇಲಿನ ಮಹಡಿಯಲ್ಲಿ ಡೊನೇಶನ್ ಆಯಿತು. 1984ರಲ್ಲಿ ರಾಜ್ಯ ಸರ್ಕಾರವೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆಯಿಂದ ಆದ ಲಾಭ ಇಷ್ಟು: ಅಲ್ಲಿಯವರೆಗೆ ರಸೀದಿ ಕೊಡುತ್ತಿದ್ದರು.

ದೇಶದ ಶಿಕ್ಷಣ ಕಾನೂನಿಗೆ ಕರ್ನಾಟಕದ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ತೀರ್ಪುಗಳ ಸಂಪುಟ ತೋರಿಸಿ. 1992ರ ಮೋಹಿನಿ ಜೈನ್ ಪ್ರಕರಣ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದ ಹುಡುಗಿಗೆ ಅದೇ ವೈದ್ಯಕೀಯ ಓದು 60,000. ಶಿಕ್ಷಣ ಹಕ್ಕು ಎಂದು ಸುಪ್ರೀಂ ಕೋರ್ಟು ಸಾರಿದ ಆ ಪ್ರಕರಣದಲ್ಲಿ ಎದುರುಗಡೆ ನಿಂತಿದ್ದದ್ದು ಕರ್ನಾಟಕ ರಾಜ್ಯ. ಖಾಸಗಿ ಕಾಲೇಜುಗಳ ಸ್ವಾಯತ್ತತೆಯನ್ನು ಎತ್ತಿಹಿಡಿದ 2002ರ ಟಿ.ಎಂ.ಎ. ಪೈ ಪ್ರಕರಣದಲ್ಲೂ ಎದುರಾಳಿ ಕರ್ನಾಟಕ ರಾಜ್ಯ. ಶಿಕ್ಷಣ ಹಕ್ಕು ಎಂದಾಗಲೂ ನಾವೇ ಪ್ರತಿವಾದಿ, ಶಿಕ್ಷಣ ಸಂಸ್ಥೆ ಕಟ್ಟುವುದು ಉದ್ಯೋಗದ ಹಕ್ಕು ಎಂದಾಗಲೂ ನಾವೇ ಪ್ರತಿವಾದಿ. ಈ ನಿಷ್ಪಕ್ಷಪಾತ ಬೇರೆ ಯಾವ ರಾಜ್ಯಕ್ಕಿದೆ?

ಕಲಿಕಾ ಮಾಧ್ಯಮದ ಕತೆಯೂ ಅದೇ ಕೋರ್ಟಿನ ಮೆಟ್ಟಿಲಲ್ಲೇ ಮುಗಿದದ್ದು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿಗಾಗಿ ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು 1982ರಲ್ಲಿ. ಸರ್ಕಾರ ನಡುಗಿತು, ಕನ್ನಡ ಗೆದ್ದಿತು, ಎಲ್ಲರೂ ಸಂತೋಷದಿಂದ ಮನೆಗೆ ಹೋಗಿ ಮಕ್ಕಳ ಕಾನ್ವೆಂಟ್ ಅರ್ಜಿ ತುಂಬಿದರು. 1994ರ ಆದೇಶದಲ್ಲಿ ಒಂದರಿಂದ ನಾಲ್ಕರವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಎಂದಾಯಿತು. ಅನೇಕ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಹೇಳಿದವು. ಈ ಗುಟ್ಟು ಆಯಾಗೆ ಗೊತ್ತಿತ್ತು, ಆಟೊದವನಿಗೆ ಗೊತ್ತಿತ್ತು, ಇಲಾಖೆಗೆ ಮಾತ್ರ ಹನ್ನೆರಡು ವರ್ಷದ ಮೇಲೆ ಗೊತ್ತಾಯಿತು. 2006ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಿ ಕೂಗಾಡಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅವತ್ತು ಕಣ್ಣೀರು ಹಾಕಿದ ಸಾಹಿತಿಗಳ ಕಣ್ಣೀರು ಸುಳ್ಳು ಎಂದು ನಾನು ಹೇಳುವುದಿಲ್ಲ. ಮೊಮ್ಮಗನ ಶಾಲಾ ವ್ಯಾನು ಬರುವ ಹೊತ್ತಿಗೆ ಒರೆಸಿಕೊಂಡರು, ಅಷ್ಟೆ.

ನಮ್ಮ ಸಮಾಜದ ಜಾಣತನ ಇರುವುದು ಇಲ್ಲೇ. ಸರ್ಕಾರಿ ಶಾಲೆಯ ಬಗ್ಗೆ ಮಾತಾಡುವವರು ಅಲ್ಲಿಗೆ ಮಕ್ಕಳನ್ನು ಕಳಿಸುವುದಿಲ್ಲ, ಕಳಿಸುವವರಿಗೆ ಮಾತಾಡಲು ಮೈಕು ಸಿಗುವುದಿಲ್ಲ. ಆದ್ದರಿಂದಲೇ ಅಲ್ಲಿ ಏನು ಬೇಕಾದರೂ ಪ್ರಯೋಗ ಮಾಡಬಹುದು. ಮೈಕು ಇದ್ದವರ ಕಡೆ ಏನಾಗುತ್ತದೆ ಎಂದು ತಿಳಿಯಲು ಒಂದನೇ ತರಗತಿಗೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮವನ್ನೇ ನೋಡಿ. 2022ರಲ್ಲಿ ಮಾಡಿ, ಮೂರು ವರ್ಷ ಮುಂದೂಡಿ, 2025ರಲ್ಲಿ ಜಾರಿಗೆ ಬರಬೇಕೆನ್ನುವಾಗ ಯುಕೆಜಿ ಮುಗಿಸಿದ ಮಕ್ಕಳ ಪೋಷಕರು ಗಲಾಟೆ ಎಬ್ಬಿಸಿದರು. ಆ ಒಂದು ವರ್ಷದ ಮಟ್ಟಿಗೆ ಐದೂವರೆ ವರ್ಷಕ್ಕೆ ತುಸು ಕಡಿಮೆ ಇದ್ದರೂ ಸೈ ಎಂದಾಯಿತು. ಯುಕೆಜಿಯ ಪೋಷಕರಿಗೆ ವಾಟ್ಸ್ಆ್ಯಪ್ ಗುಂಪು ಇರುತ್ತದೆ. ಪರೀಕ್ಷೆ ಮಧ್ಯದಲ್ಲೇ ನಿಂತುಹೋದ ಒಂಬತ್ತನೇ ತರಗತಿಯಲ್ಲಿದ್ದ ಕೂಲಿಕಾರನ ಮಗಳಿಗೆ ಯಾವ ಗುಂಪಿದೆ?

ಮಕ್ಕಳೇ ಬಾಯಿಬಿಟ್ಟು ಮಾತಾಡಿದ್ದು ನನಗೆ ನೆನಪಿರುವಂತೆ ಒಮ್ಮೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾಕ್ಕೆ ಮುಖಕೊಟ್ಟು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಹೇಳಿಬಿಟ್ಟಳು. ಆಯೋಗವಿಲ್ಲ, ಮಧ್ಯಂತರ ವರದಿಯಿಲ್ಲ, ಒಂದು ನಿಮಿಷದ ಮಾತು. ಮೊಟ್ಟೆ ಉಳಿಯಿತು, ರಾಜ್ಯಕ್ಕೆಲ್ಲ ಹಬ್ಬಿತು. ಇದೊಂದು ಅಪಾಯಕಾರಿ ಪೂರ್ವನಿದರ್ಶನ ಎಂದು ಭಾವಿಸಿಯೋ ಏನೋ, ಆಮೇಲೆ ಯಾವ ಸಮಿತಿಯೂ ಮಕ್ಕಳ ಹತ್ತಿರ ಮೈಕು ಹಿಡಿದ ಸುದ್ದಿಯಿಲ್ಲ. 2024ರಲ್ಲಿ ವಸತಿ ಶಾಲೆಗಳ ಬಾಗಿಲ ಮೇಲಿನ ಬರಹವನ್ನು ಬದಲಿಸಿ, ಕೈಮುಗಿಯುವ ಬದಲು ಧೈರ್ಯವಾಗಿ ಪ್ರಶ್ನೆ ಕೇಳಿ ಎಂದು ಬರೆಸಿದರು. ಕುವೆಂಪು ಮಾತನ್ನು ತೆಗೆದರೆಂದು ವಿರೋಧ ಪಕ್ಷ ಸಿಟ್ಟಾಯಿತು, ಇದು ವೈಚಾರಿಕತೆ ಎಂದು ಆಡಳಿತ ಪಕ್ಷ ಬೀಗಿತು. ಒಳಗಿದ್ದ ಮಕ್ಕಳ ಪ್ರಶ್ನೆ ಬೇರೆಯೇ ಇದ್ದೀತು: ಗಣಿತದ ಮೇಷ್ಟ್ರು ಯಾವಾಗ ಬರ್ತಾರೆ?

ಗಣಿತದ ಮೇಷ್ಟ್ರು ಎಲ್ಲಿದ್ದರು ಎಂದು ನಾನು ಹೇಳಬಲ್ಲೆ. 2025ರ ಸೆಪ್ಟೆಂಬರ್ 22ರಿಂದ ಅವರು ಜಾತಿ ಸಮೀಕ್ಷೆಯಲ್ಲಿದ್ದರು. ಹೆಸರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಆದ್ದರಿಂದ ಶಿಕ್ಷಣವನ್ನು ನಿಲ್ಲಿಸಿಯೇ ಮಾಡಬೇಕಲ್ಲ. ದಸರಾ ರಜೆಯೆಲ್ಲ ಅದಕ್ಕೇ ಹೋಯಿತು. ಮುಗಿಯಲಿಲ್ಲವೆಂದು ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರರು ಮೊಬೈಲನ್ನು ತಲೆಯ ಮೇಲೆತ್ತಿ ಮನೆಯ ಮಾಳಿಗೆ ಹತ್ತುತ್ತಿದ್ದಾರೆ, ಸಿಗ್ನಲ್ಲಿಗೆ. ಕೆಳಗೆ ಅಜ್ಜಿ ಒಟಿಪಿ ಬಂತೋ ಇಲ್ಲವೋ ಎಂದು ಮೊಮ್ಮಗನ ಫೋನನ್ನು ತಿರುವಿ ತಿರುವಿ ನೋಡುತ್ತಿದ್ದಾಳೆ. ಬಾಗಿಲಿಗೆ ವಿದ್ಯುತ್ ಮೀಟರ್ ಓದುವವರು ಅಂಟಿಸಿ ಹೋದ ಸಮೀಕ್ಷೆಯ ಚೀಟಿ. ಪ್ರಶ್ನೆ ಅರವತ್ತು.

“ಮಾಸ್ತರ್ರ, ಇಳೀರಿ ಕೆಳಗ, ಬಿದ್ದೀರಿ. ಒಂದು ಚಾ ಕುಡೀರಿ.”

“ಆತ್ಬೇ ಯವ್ವಾ, ಇನ್ನ ಮೂವತ್ತು ಪ್ರಶ್ನೆ ಅದಾವ.”

“ನಾ ಒಂದ ಕೇಳ್ತೀನಿ ನಿಮಗ. ನೀವು ಇಲ್ಲಿ ನಮ್ಮ ಮಾಳಿಗಿ ಮ್ಯಾಗ ಅದೀರಿ. ಸಾಲ್ಯಾಗ ಯಾರದಾರ?”

ಆ್ಯಪ್‌ನಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಮಿಲ್ಲರ್ ಸಮಿತಿಯ ನಾಡಿನಲ್ಲಿ ಯಾರು ಎಷ್ಟು ಓದಿದ್ದಾರೆ ಎಂದು ಎಣಿಸದೆ ನ್ಯಾಯ ಹಂಚಲಾಗದು. ಯಾರು ಓದಿಲ್ಲ ಎಂದು ತಿಳಿಯಲು ಓದಿಸುವವರನ್ನೇ ತರಗತಿಯಿಂದ ಎಬ್ಬಿಸಿಕೊಂಡು ಹೋಗುವ ಉಪಾಯ ಮಾತ್ರ ಯಾರಿಗೆ ಹೊಳೆಯಿತೋ, ಅವರಿಗೊಂದು ನಮಸ್ಕಾರ. ಸಮೀಕ್ಷೆ ಇಲ್ಲದಾಗ ಮತದಾರರ ಪಟ್ಟಿ, ಪಟ್ಟಿ ಇಲ್ಲದಾಗ ಚುನಾವಣೆ, ಅದೂ ಇಲ್ಲದಾಗ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ರಾಗಿ ಮಾಲ್ಟಿನ ಲೆಕ್ಕ. ಪೇಟೆಯಲ್ಲಿ ಮೊಟ್ಟೆಯ ದರ ಸರ್ಕಾರಿ ದರಕ್ಕಿಂತ ಮೇಲೆ ಹೋದ ತಿಂಗಳು ವ್ಯತ್ಯಾಸ ಹೆಡ್‌ಮೇಷ್ಟ್ರ ಜೇಬಿನಿಂದ. ಉಳಿದ ಸಮಯದಲ್ಲಿ ಪಾಠ ಮಾಡಲು ಅತಿಥಿ ಶಿಕ್ಷಕರಿದ್ದಾರೆ. ಅತಿಥಿ ಎಂದರೆ ಬಂದು ಹೋಗುವವರು, ಸಂಬಳವೂ ಹಾಗೆಯೇ ಬಂದು ಹೋಗುತ್ತದೆ, ಬರುವುದು ಸ್ವಲ್ಪ ತಡ.

ಇಷ್ಟೆಲ್ಲ ಆಗುತ್ತಿರುವಾಗಲೇ 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಎರಡೇ ಭಾಷೆ ಸಾಕು, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಿ, ಶಾಲೆಯನ್ನು 2+8+4 ಎಂದು ಹೊಂದಿಸಿ ಎಂದಿದೆ. ಇದಕ್ಕೂ ಮೊದಲು ಕೇಂದ್ರದ್ದು 5+3+3+4. ಅದಕ್ಕೂ ಮೊದಲು 10+2. ಮೂರನ್ನೂ ಕೂಡಿಸಿದರೆ ಮೂರು ಬೇರೆ ಉತ್ತರ ಬರುತ್ತದೆ, ಮೂರೂ ಸರಿ. ನಮ್ಮ ಮಕ್ಕಳಿಗೆ ಸರಳ ಸಂಕಲನ ಬರುವುದಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು. ವರದಿಯಲ್ಲಿ ಒಳ್ಳೆಯ ಮಾತುಗಳಿವೆ. ವರದಿಗಳಲ್ಲಿ ಯಾವಾಗಲೂ ಇರುತ್ತವೆ. ಕನ್ನಡದಲ್ಲೇ ಕಲಿಸಿ ಎಂದು ಆಯೋಗ ಹೇಳಿದ ಅದೇ ವರ್ಷ, ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಿದ್ದಾರೆಂದು ಸರ್ಕಾರ ತನ್ನದೇ ಸಾವಿರಾರು ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯುತ್ತಿತ್ತು. 2019ರಲ್ಲಿ ಒಂದು ಸಾವಿರ ಶಾಲೆಯಿಂದ ಶುರುವಾದ ಕೆಲಸ ಅದು. ಕಲಿಸುವವರು ಅದೇ ಮೇಷ್ಟ್ರು, ಹದಿನೈದು ದಿನದ ತರಬೇತಿಯ ನಂತರ.

ಈಗ ಮೇ ತಿಂಗಳು ಬಂದರೆ ಸಾಕು, ಈ ಮೇಷ್ಟ್ರು ದಾಖಲಾತಿ ಆಂದೋಲನದ ಕರಪತ್ರ ಹಿಡಿದು ಮನೆಮನೆಗೆ ಹೊರಡಬೇಕು. ಮಂಡ್ಯದ ಕಡೆ ಒಂದು ಮನೆಯ ಜಗಲಿ. ಹೂ ಕಟ್ಟುತ್ತ ಕೂತ ತಾಯಿ ತಲೆಯೆತ್ತದೆ ಕೇಳಿದಳು.

“ಇಂಗ್ಲಿಷ್ ಮೀಡಿಯಂ ಐತಾ ಮೇಷ್ಟ್ರೇ?”

“ಐತಮ್ಮ, ಈ ವರ್ಷದಿಂದ.”

“ವ್ಯಾನು?”

“ವ್ಯಾನಿಲ್ಲ. ಇಲ್ಲೇ ಹತ್ರ ಅಲ್ವಾ, ನಡಕಂಡೇ ಬರಬಹುದು.”

“ಒಂದೊಂದು ಕ್ಲಾಸಿಗೆ ಒಬ್ಬೊಬ್ರು ಮೇಷ್ಟ್ರವರಾ?”

“ಇಬ್ರಿದೀವಿ. ಅತಿಥಿ ಬರ್ತಾರೆ.”

ತಾಯಿ ದಾರಕ್ಕೆ ಇನ್ನೊಂದು ಹೂ ಸೇರಿಸಿ ಈ ಸಲ ತಲೆಯೆತ್ತಿದಳು. “ನಿಮ್ಮ ಮಕ್ಳು ಎಲ್ಲಿ ಓದ್ತಾವೆ?”

ಮೇಷ್ಟ್ರು ಕರಪತ್ರವನ್ನು ಜಗಲಿಯ ಮೇಲಿಟ್ಟರು. “ನಮ್ಮಲ್ಲಿ ಮೊಟ್ಟೆ ಕೊಡ್ತೀವಮ್ಮ,” ಎಂದರು, “ವಾರಕ್ಕೆ ಆರು ದಿನ.”